ಬಣ್ಣ ಹತ್ತದ ಮಾತು

ನಮ್ಮೂರಿನ ಕೋರ್ಟಿನಲ್ಲಿ ನನ್ನ ಕೆಲಸ ಕೈ ನೋಡುವುದು. ಭವಿಷ್ಯ ಹೇಳುವವರು ಕೈ ನೋಡುತ್ತಾರಲ್ಲ, ಹಾಗಲ್ಲ. ಕಟಕಟೆ ಹತ್ತುವವರ ಮುಂದೆ ಹಿತ್ತಾಳೆ ಬೋಗುಣಿ ಹಿಡಿದು, ಸೀಗೆಪುಡಿ ಹಾಕಿ ಅಂಗೈ ತೊಳೆಸಿ, ಬಿಳಿ ಪಂಚೆಯ ತುಂಡಿನಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣ ಏರಿದೆಯೋ ಇಲ್ಲವೋ ಎಂದು ಮುನಸೀಫರಿಗೆ ಹೇಳುವುದು. ನನಗೆ ಓದು ಅಷ್ಟಾಗಿ ಬರುವುದಿಲ್ಲ. ಈ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಊರವರೆಲ್ಲ ನನ್ನನ್ನು ಬೋಗುಣಿ ತಾತ ಎಂದೇ ಕರೆಯುತ್ತಾರೆ. ಯಾರಾದರೂ ಸಂಜೀವಪ್ಪ ಎಂದು ಕೂಗಿದರೆ, ಅದು ನಾನೇ ಎಂದು ಹೊಳೆಯುವುದಕ್ಕೆ ಈಗ ಸ್ವಲ್ಪ ಹೊತ್ತು ಬೇಕಾಗುತ್ತದೆ.

ನಮ್ಮೂರಿನಲ್ಲಿ ಒಬ್ಬರು ಹೇಳಿದಂತೆ ಇನ್ನೊಬ್ಬರು ಕೆಲಸ ಮಾಡಿ, ಅದರಿಂದ ಯಾರಿಗಾದರೂ ನೋವಾದರೆ, ಬಣ್ಣ ಏರುವುದು ಮಾಡಿದವರ ಕೈಗಲ್ಲ, ಹೇಳಿದವರ ಅಂಗೈಗೆ. ಸಣ್ಣ ನೋವಾದರೆ ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಕದಡಿದ ಹಾಗೆ. ದೊಡ್ಡದಾದರೆ ಕಳಿತ ನೇರಳೆ ಹಣ್ಣನ್ನು ಹಿಸುಕಿದ ಹಾಗೆ. ನೋವು ಇಳಿದಂತೆ ಬಣ್ಣವೂ ಇಳಿಯುತ್ತದೆ. ನನ್ನ ತಾಯಿಯ ಕಾಲದಲ್ಲೂ ಹೀಗೇ ಇತ್ತು, ಅವಳ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತಂತೆ. ಆದ್ದರಿಂದ ನಮ್ಮ ಕಡೆ ಯಾರೂ ಯಾರಿಗೂ ನೆಟ್ಟಗೆ ಒಂದು ಕೆಲಸ ಹೇಳುವುದಿಲ್ಲ. ಅತ್ತೆಯಾದವಳು ಒಲೆಯ ಮೇಲಿನ ನೀರು ಇಳಿಸು ಎಂದು ಸೊಸೆಗೆ ಹೇಳುವುದಿಲ್ಲ, "ನೀರು ಕುದಿಯೋ ಸದ್ದು ಬರ್ತಾ ಇರೋ ಹಾಗಿದೆಯಲ್ಲ" ಎಂದು ಗೋಡೆಗೆ ಹೇಳುತ್ತಾಳೆ. ಕ್ಷೌರದವನು "ತಲೆ ಬಗ್ಗಿದ್ದರೆ ಕತ್ತು ಚೆನ್ನಾಗಿ ಕಾಣ್ತಿತ್ತು" ಎನ್ನುತ್ತಾನೆ. ಮದುವೆ ಮಾಡಿಸುವ ಪುರೋಹಿತರು ತಾಳಿ ಕಟ್ಟು ಎಂದು ಬಾಯಿಬಿಟ್ಟು ಹೇಳಿ ಎಷ್ಟೋ ಕಾಲವಾಯಿತು. ಹಾಗೆ ಹೇಳುತ್ತಿದ್ದವರ ಕೈ ಊರಿನ ಅರ್ಧ ಸಂಸಾರಗಳ ಬಣ್ಣ ಹೊತ್ತು ತಿರುಗುತ್ತಿತ್ತು. ಈಗಿನವರು "ತಾಳಿ ಇಲ್ಲಿದೆ. ಮುಹೂರ್ತ ಈಗಿದೆ" ಎಂದು ಹೇಳಿ ಚಪ್ಪರ ನೋಡುತ್ತಾ ನಿಲ್ಲುತ್ತಾರೆ.

ಇಂಥ ಸುತ್ತುಮಾತಿಗೂ ಒಮ್ಮೊಮ್ಮೆ ಬಣ್ಣ ಹತ್ತುವುದುಂಟು. ಹೇಳುವವರ ಮನಸ್ಸಿನಲ್ಲಿ ಅಪ್ಪಣೆ ಇದ್ದರೆ ಅಂಗೈಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಆದರೆ ಎಂದೂ ಬಣ್ಣ ಹತ್ತದ ಮಾತು ಒಂದಿತ್ತು. ಅದು ಹುಟ್ಟಿದ್ದು ನಮ್ಮ ಆಸ್ಪತ್ರೆಯಲ್ಲಿ.

ಆಸ್ಪತ್ರೆ ಎಂದ ಮೇಲೆ ಹೇಳದೆ ಹೇಗೆ ನಡೆಯುತ್ತದೆ? ಸೂಜಿ ಚುಚ್ಚು, ಹೊಲಿಗೆ ಬಿಚ್ಚು, ಹುಣ್ಣು ತೊಳೆ, ಎಲ್ಲವೂ ನೋಯುವ ಕೆಲಸಗಳೇ. ಹಿಂದೆ ಇದ್ದ ದೊಡ್ಡ ಡಾಕ್ಟರ ಅಂಗೈ ಬೆಳಗಿನಿಂದ ಸಂಜೆವರೆಗೂ ನೀಲಿಯಾಗಿಯೇ ಇರುತ್ತಿತ್ತು. ಅವರು ಅದೇ ಕೈಯಲ್ಲಿ ಕ್ಯಾಂಟೀನಿನಲ್ಲಿ ಎಲ್ಲರ ಎದುರು ಉಪ್ಪಿಟ್ಟು ತಿನ್ನುತ್ತಿದ್ದರು. ಅವರು ಹೋದ ಮೇಲೆ ಬಂದ ವೃಷಭೇಂದ್ರ ಡಾಕ್ಟರಿಗೆ ಮಾತ್ರ ನೀಲಿ ಕೈ ಕಂಡರೆ ನಾಚಿಕೆ. ಒಂದು ದಿನ ಯಾವುದೋ ಅವಸರದಲ್ಲಿ ಅವರು ಹೆಡ್ ಸಿಸ್ಟರಿಗೆ "ಆ ಜ್ವರದ ಕೇಸು ಸ್ವಲ್ಪ ನೋಡ್ಕೊಳ್ಳಿ ಸಿಸ್ಟರ್" ಎಂದರಂತೆ. ಸಿಸ್ಟರು ಸೂಜಿ ಚುಚ್ಚಿಸಿದರು, ರೋಗಿ ಅಯ್ಯೋ ಎಂದ, ಡಾಕ್ಟರು ಅಂಗೈ ತಿರುಗಿಸಿ ನೋಡಿಕೊಂಡರೆ ಬಣ್ಣವೇ ಇಲ್ಲ. ಅವತ್ತಿನಿಂದ ಆಸ್ಪತ್ರೆಯಲ್ಲಿ ಅದೊಂದೇ ಮಾತು. ಡಾಕ್ಟರು ಸಿಸ್ಟರಿಗೆ ನೋಡ್ಕೊಳ್ಳಿ ಎಂದರು, ಸಿಸ್ಟರು ನರ್ಸುಗಳಿಗೆ ನೋಡ್ಕೊಳ್ರಮ್ಮ ಎಂದರು, ನರ್ಸುಗಳು ಆಯಾಗಳಿಗೆ ನೋಡ್ಕೋ ಎಂದರು. ಅನುಭವಸ್ಥರೇ ಇದ್ದದ್ದರಿಂದ ಆ ಒಂದು ಮಾತಿನಲ್ಲೇ ಎಲ್ಲರಿಗೂ ಎಲ್ಲವೂ ತಿಳಿಯುತ್ತಿತ್ತು, ಕೆಲಸವೂ ನಡೆಯುತ್ತಿತ್ತು. ಆಮೇಲೆ ಅದು ಆಸ್ಪತ್ರೆಯಿಂದ ಹೊರಬಿದ್ದು ಊರಿಗೆಲ್ಲ ಹಬ್ಬಿತು.

ಆ ಹೆಡ್ ಸಿಸ್ಟರೇ ಅಂಬುಜಾಕ್ಷಿ. ಊರಿಗೆಲ್ಲ ಅಂಬುಜಕ್ಕ. ಅಷ್ಟು ವರ್ಷ ಮೇಲ್ವಿಚಾರಣೆ ಮಾಡಿಯೂ ಅಂಗೈಯಲ್ಲಿ ಒಂದು ಚುಕ್ಕೆ ಬಣ್ಣ ಇಲ್ಲದ ಹೆಂಗಸು. ಬಿಳಿ ಕೈ ಅಂಬುಜಕ್ಕ ಎಂದೇ ಹೆಸರು. ಹೊಸ ಮನೆಯ ಹಾಲು ಉಕ್ಕಿಸುವುದಕ್ಕೆ, ಮಗುವನ್ನು ಮೊದಲು ತೊಟ್ಟಿಲಿಗೆ ಹಾಕುವುದಕ್ಕೆ ಅವರನ್ನೇ ಕರೆಯುತ್ತಿದ್ದರು. ಆಕೆ ಜಂಬದವರಲ್ಲ. ಆದರೆ ಮಾತಾಡುವಾಗ ಅಂಗೈ ಮೇಲೆ ಮಾಡಿಕೊಂಡು ಕೂರುವ ಅಭ್ಯಾಸ ಒಂದಿತ್ತು.

ಇಂಥ ಆಸ್ಪತ್ರೆಗೆ ಹೊಂಬಾಳೆ ಎಂಬ ಹೊಸ ನರ್ಸು ಬಂದಳು. ಹುಟ್ಟಿದ್ದು ನಮ್ಮೂರಿನ ಹೊಳೆಯಾಚೆ ಕೇರಿಯಲ್ಲೇ ಆದರೂ ಬೆಳೆದದ್ದು, ಟ್ರೈನಿಂಗ್ ಮಾಡಿದ್ದು ಬೇರೆ ಊರಿನಲ್ಲಿ. ಅಲ್ಲಿ ಅಂಗೈಗೆ ಬಣ್ಣ ಏರುವುದಿಲ್ಲವಂತೆ. ಅಲ್ಲಿನವರು ಬಾಯಿ ತುಂಬ ಕೆಲಸ ಹೇಳುತ್ತಾರಂತೆ, ಬೈಯುತ್ತಾರಂತೆ ಕೂಡ. ಬಂದ ಹೊಸದರಲ್ಲಿ ಅವಳು ಯಾರಾದರೂ ಏನಾದರೂ ಹೇಳಲಿ ಎಂದು ವಾರ್ಡಿನ ನಡುವೆ ಕೈಕಟ್ಟಿ ನಿಂತಿರುತ್ತಿದ್ದಳು. ಇವರು ಅವಳ ಪಕ್ಕದ ಗೋಡೆಗೆ ಏನೋ ಹೇಳಿ ಹೋಗುತ್ತಿದ್ದರು.

ಅವಳು ಬಂದು ತಿಂಗಳಾಗಿತ್ತೋ ಇಲ್ಲವೋ, ಕಲಾಯಿ ಮಸ್ತಾನ್ ಸಾಬರು ಆಸ್ಪತ್ರೆಗೆ ಸೇರಿದರು. ನಮ್ಮೂರಿನ ತಾಮ್ರದ ಪಾತ್ರೆಗಳೆಲ್ಲ ಅವರ ಬಲಗೈಯಿಂದ ಹೊಳೆದವೇ. ಕಾದ ಪಾತ್ರೆಗೆ ತವರ ಮುಟ್ಟಿಸಿ, ಬಟ್ಟೆ ಹಿಡಿದ ಬೆರಳನ್ನು ಒಂದು ಸುತ್ತು ತಿರುಗಿಸಿದರೆ ಒಳಗೆ ಬೆಳ್ಳಿಯ ಹಾಗೆ ಬೆಳಕು ಓಡುತ್ತಿತ್ತು. ಆ ಮನುಷ್ಯನಿಗೆ ವಾಂತಿ, ಮೈ ಸುಡುವ ಜ್ವರ. ಡಾಕ್ಟರು ನೋಡಿ, ನೋಡ್ಕೊಳ್ಳಿ ಸಿಸ್ಟರ್ ಎಂದರು. ಅಂಬುಜಕ್ಕ ಮೂಲೆ ಹಾಸಿಗೆಯಲ್ಲಿ ಮಲಗಿಸಿ, ಎಡಗೈಯಲ್ಲಿ ನರ ಸಿಕ್ಕದೆ ಬಲಗೈಗೇ ಸೂಜಿ ಹಾಕಿ ಬಾಟಲಿ ಏರಿಸಿದರು. ಆ ಬಾಟಲಿಯಲ್ಲಿ ಬೆರೆಸಿದ್ದ ಔಷಧಿ ನರದೊಳಗೆ ಹೋದರೆ ಜೀವ ಉಳಿಸುತ್ತದೆ, ನರ ಬಿಟ್ಟು ಆಚೆ ಸೋರಿದರೆ ಮಾಂಸ ಸುಡುತ್ತದೆ. ಅದು ಅಂಬುಜಕ್ಕನಿಗೆ ಗೊತ್ತಿತ್ತು. ಅದಕ್ಕೇ ಹತ್ತಿರದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಅವತ್ತು ಇಡೀ ಆಸ್ಪತ್ರೆಗೆ ಇದ್ದವರು ಅಂಬುಜಕ್ಕ, ಹೊಂಬಾಳೆ, ಇಬ್ಬರೇ ನರ್ಸುಗಳು. ಊಟದ ಹೊತ್ತು ಕಳೆದ ಮೇಲೆ ಹೆರಿಗೆ ಕೋಣೆಯಿಂದ ಒಂದು ಹೆಣ್ಣು ಕಿರುಚಿಕೊಂಡಿತು. ಅಂಬುಜಕ್ಕ ಎದ್ದು ಓಡಿದರು. ಓಡುತ್ತಾ ಬಾಗಿಲಲ್ಲಿ ತಿರುಗಿ, ಹೆಂಗಸರ ವಾರ್ಡಿನಲ್ಲಿದ್ದ ಹೊಂಬಾಳೆಗೆ "ಮೂಲೆ ಹಾಸಿಗೆ ಸ್ವಲ್ಪ ನೋಡ್ಕೊಳಮ್ಮ" ಎಂದರು. ಹೊಂಬಾಳೆ ಬಂದು ನೋಡಿದಳು. ಸಾಬರು ಎದೆವರೆಗೂ ಹೊದ್ದು ನಿದ್ದೆ ಹೋಗಿದ್ದರು, ಹನಿ ಬೀಳುತ್ತಿತ್ತು. ತನ್ನ ಕೆಲಸಕ್ಕೆ ಹೋದಳು. ಮತ್ತೆ ಬಂದು ನೋಡಿದಳು. ಆಗಲೂ ನಿದ್ದೆ, ಆಗಲೂ ಹನಿ. ಹೊದಿಕೆಯ ಕೆಳಗೆ ಸೂಜಿ ನರದಿಂದ ಜಾರಿತ್ತು. ಸಾಬರ ಹೆಂಡತಿ ಜುಲೇಖಾಬಿ ಗಂಜಿ ತಂದು, ಕುಡಿಸೋಣವೆಂದು ಹೊದಿಕೆ ಸರಿಸಿದಾಗ ಕೈ ಕುಂಬಳಕಾಯಿಯ ಹಾಗೆ ಊದಿ, ಚರ್ಮ ಕಪ್ಪಿಟ್ಟಿತ್ತು. ಆಕೆ ಹಾಕಿದ ಕೂಗು ಕೋರ್ಟಿನ ತನಕ ಕೇಳಿತೆಂದು ಜನ ಹೇಳುತ್ತಾರೆ. ನನಗಂತೂ ಕೇಳಲಿಲ್ಲ, ಆದರೆ ಸುದ್ದಿ ಕೂಗಿಗಿಂತ ಬೇಗ ಬಂತು.

ಮರುದಿನ ಬೆಳಗ್ಗೆ ನನಗೆ ಬೋಗುಣಿ ಹಿಡಿದು ಆಸ್ಪತ್ರೆಗೆ ಹೋಗಲು ಹುಕುಂ ಬಂತು. ಹುಕುಂ ಎಂದರೆ, "ಬೋಗುಣಿ ಆಸ್ಪತ್ರೆಯಲ್ಲಿದ್ದರೆ ವಾಸಿಯಿತ್ತು" ಎಂದು ಮುನಸೀಫರು ತಮ್ಮ ಪೆನ್ನಿಗೆ ಹೇಳಿದರು. ಹೋದೆ. ಮೊದಲು ಅಂಬುಜಕ್ಕನ ಕೈ ತೊಳೆಸಿದೆ. ಆ ಕೈ ತೊಳೆಸಬೇಕಾಗಿ ಬಂದದ್ದು ಅದೇ ಮೊದಲು. ಬಣ್ಣ ಬಂದೇ ಬಂದಿರುತ್ತದೆ ಎಂದು ಅವರು ಕಣ್ಣು ಮುಚ್ಚಿಕೊಂಡಿದ್ದರು. ನಾನು ಬೆಳಕಿಗೆ ಹಿಡಿದೆ, ಉಗುರಿನ ಸಂದಿ ನೋಡಿದೆ, ಮಣಿಕಟ್ಟು ನೋಡಿದೆ. ಏನೂ ಇಲ್ಲ. ಡಾಕ್ಟರ ಕೈ ನೋಡಿದೆ. ಇಲ್ಲ. ಹೊಂಬಾಳೆಯದು ಮಾಡಿದವಳ ಕೈ, ಇರಬೇಕಾಗಿಯೇ ಇಲ್ಲ. ಆದರೂ ನೋಡಿದೆ. ಅದರಲ್ಲೂ ಇಲ್ಲ. ಅಷ್ಟು ದೊಡ್ಡ ನೋವು ಆ ಹಾಸಿಗೆಯ ಮೇಲೆ ನರಳುತ್ತಿತ್ತು, ಅದರ ಬಣ್ಣ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನನ್ನ ಕೆಲಸದಲ್ಲಿ ಹಾಗೆ ಎಂದೂ ಆಗಿರಲಿಲ್ಲ. ನನ್ನ ಕಣ್ಣೇ ಹೋಯಿತೇನೋ ಎಂದು ಹೊರಗೆ ಬಂದು ಮರದ ಎಲೆ ಎಣಿಸಿ ನೋಡಿದೆ.

"ನೋಡು ಅಂದ್ರು, ನೋಡ್ದೆ ತಾತ," ಎಂದಳು ಹೊಂಬಾಳೆ. ಅವಳ ಮುಖ ಸೋತುಹೋಗಿತ್ತು. "ಆ ರೋಗಿ ಅಕ್ಕಂದು, ಅವ್ರು ಬರೋ ತನಕ ಒಂದು ಕಣ್ಣಿಡೋದು ಅಂತ ಅಂದ್ಕೊಂಡೆ. ಬಾಟ್ಲಿಯಲ್ಲಿ ಅಂಥಾ ಔಷಧಿ ಇದೆ ಅಂತ ನಂಗೆ ಯಾರು ಹೇಳಿದ್ರು? ನಮ್ಮ ಟ್ರೈನಿಂಗಲ್ಲಾದ್ರೆ, ಸೂಜಿ ಜಾಗ ಮುಟ್ಟಿ ನೋಡು, ಊದಿದ್ರೆ ನಿಲ್ಸು, ನಿಲ್ಸಿ ನನ್ನ ಕರಿ ಅಂತ ಒಂದೊಂದೂ ಹೇಳೋರು. ಇಲ್ಲಿ ಬಂದಾಗಿಂದ ಒಬ್ರಾದ್ರೂ ನಂಗೆ ಒಂದು ಕೆಲಸ ಹೇಳಿದ್ದುಂಟಾ?"

ಅಂಬುಜಕ್ಕ ಥಟ್ಟನೆ ತಿರುಗಿದರು. "ನೋಡ್ಕೋ ಅಂದ್ರೆ ನೋಡೋದಲ್ಲ ಕಣೇ, ನೋಡ್ಕೊಳ್ಳೋದು!"

"ಹಂಗಂದ್ರೆ ಏನಕ್ಕ?" ಎಂದಳು ಹುಡುಗಿ. ಎದುರು ಮಾತಾಡಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ಅಂಬುಜಕ್ಕ ಬಾಯಿ ತೆರೆದರು. ಹಾಗೇ ಮುಚ್ಚಿಕೊಂಡರು.

ಯಾರ ಅಂಗೈಯಲ್ಲೂ ಬಣ್ಣ ಕಾಣದಿದ್ದರೆ, ಯಾರೂ ಹೇಳಿಲ್ಲ, ಮಾಡಿದವರು ತಾವಾಗಿಯೇ ಮಾಡಿದ್ದು ಎಂದು ಹಿಡಿಯುವುದು ನಮ್ಮ ಕೋರ್ಟಿನ ಹಳೆಯ ಕಾನೂನು. ಆ ಪ್ರಕಾರ ತಪ್ಪು ಹೊಂಬಾಳೆಯ ತಲೆಗೆ ಬರುತ್ತಿತ್ತು. ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ ಕಿತ್ತುಕೊಂಡರೆ ಅವಳು ಇನ್ನು ಯಾವ ಊರಿನಲ್ಲೂ ರೋಗಿಯನ್ನು ಮುಟ್ಟುವಂತಿಲ್ಲ. ವಿಚಾರಣೆ ಮುಗಿಯುವವರೆಗೆ ಅವಳನ್ನು ಕೆಲಸದಿಂದ ಹೊರಗಿಟ್ಟರು. ಅವಳು ದಿನಾ ಬಿಳಿ ಸೀರೆ ಉಟ್ಟು ಬಂದು ಆಸ್ಪತ್ರೆಯ ಹೊಂಗೆ ಮರದ ಕೆಳಗೆ ಕೂರುತ್ತಿದ್ದಳು. ಮನೆಗೆ ಹೋಗು ಎನ್ನುವುದಕ್ಕೂ ಯಾರಿಗೂ ಧೈರ್ಯವಿರಲಿಲ್ಲ.

ವಿಚಾರಣೆಯ ದಿನ ಕೋರ್ಟು ತುಂಬಿ ಕಿಟಕಿಯ ಮೇಲೂ ಜನ ಕೂತಿದ್ದರು. ಮುನಸೀಫರು ಒಳ್ಳೆಯವರು, ಆದರೆ ಬಣ್ಣ ನೋಡಿ ತೀರ್ಪು ಹೇಳಿ ಅಭ್ಯಾಸವಾಗಿದ್ದವರು. ಬಣ್ಣವಿಲ್ಲದ ಕೇಸು ಅವರಿಗೂ ಹೊಸದು. ಅವರು ಡಾಕ್ಟರನ್ನು ಕೇಳಿದರು: "ನೋಡ್ಕೊಳ್ಳೋದು ಅಂದರೆ ನಿಮ್ಮ ಆಸ್ಪತ್ರೆಯಲ್ಲಿ ಅರ್ಥ ಏನು?" ಡಾಕ್ಟರು ಬಹಳ ಯೋಚನೆ ಮಾಡಿ, "ನೋಡ್ಕೊಳ್ಳೋದು ಅಂದ್ರೆ, ಈಗ... ನೋಡ್ಕೊಳ್ಳೋದು ಸ್ವಾಮಿ," ಎಂದರು. ಕಿಟಕಿಯ ಮೇಲಿದ್ದವರು ನಕ್ಕರು.

"ಇಡೀ ಆಸ್ಪತ್ರೆಗೆ ಇಬ್ಬರೇ ನರ್ಸುಗಳನ್ನ ಯಾಕೆ ಇಟ್ಟಿದ್ರಿ?" ಎಂದು ಮುನಸೀಫರು ಕೇಳಿದರು. "ಇನ್ನಿಬ್ಬರನ್ನ ಕೊಡಿ ಅಂತ ಆಸ್ಪತ್ರೆ ಕಮಿಟಿ ಅಧ್ಯಕ್ಷರನ್ನ ಕೇಳಿದ್ದೆ. ಸದ್ಯಕ್ಕೆ ಇರೋರಲ್ಲೇ ನೋಡ್ಕೊಳ್ಳಿ ಅಂದ್ರು," ಎಂದರು ಡಾಕ್ಟರು. ಅಧ್ಯಕ್ಷ ಪಾರ್ಶ್ವನಾಥಯ್ಯನವರನ್ನು ಕರೆಸಿದರು. ಅವರು ಜರಿ ಶಲ್ಯ ಸರಿಮಾಡಿಕೊಂಡು, "ನಾನು ನೋಡ್ಕೊಳ್ಳಿ ಅಂದಿದ್ದು ನಿಜ. ಆದ್ರೆ ನಾನು ಹಾಗಂದಿದ್ದು, ನೋಡಿ, ಅವ್ರು ನೋಡ್ಕೋತಾರೆ ಅಂತ," ಎಂದರು. ನಾನು ಅವರ ಕೈ ತೊಳೆಸಿದೆ, ಡಾಕ್ಟರದು ಮತ್ತೆ ತೊಳೆಸಿದೆ, ಅಂಬುಜಕ್ಕನದು ತೊಳೆಸಿದೆ. ಸೀಗೆಪುಡಿ ಮುಗಿಯಿತು. ಎಲ್ಲರ ಕೈಯೂ ಆಗತಾನೇ ಬಿಚ್ಚಿದ ಬಾಳೆ ಎಲೆಯ ಸುರುಳಿಯಷ್ಟು ಶುಭ್ರ. "ಸ್ವಾಮಿ, ಬಣ್ಣವಿಲ್ಲ," ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಜುಲೇಖಾಬಿ ಎದ್ದು ನಿಂತರು. ಸೆರಗು ತಲೆಯ ಮೇಲೆ ಎಳೆದುಕೊಂಡು, "ಅಲ್ಲ ಸ್ವಾಮಿ, ಇಷ್ಟು ಜನ ನೋಡ್ಕೊಂಡ್ರಲ್ಲ, ನಮ್ಮ ಯಜಮಾನ್ರ ಕೈ ಮಾತ್ರ ಒಬ್ರೂ ನೋಡ್ಲಿಲ್ವಲ್ಲ!" ಎಂದರು. ಆಗ ಯಾರೂ ನಗಲಿಲ್ಲ. ಮುನಸೀಫರು ಕನ್ನಡಕ ತೆಗೆದು ಒರೆಸಿ, "ಮುಂದಿನ ಸೋಮವಾರ ನೋಡೋಣ," ಎಂದರು. ಎಂದವರೇ ತಮ್ಮ ಬಾಯಿಂದ ಬಂದದ್ದೇನೆಂದು ಹೊಳೆದು, ಮೇಜಿನ ಕೆಳಗೆ ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಂಡರು. ನನಗೆ ಕಾಣಿಸಿತು.

ಆ ವಾರ ಊರಿನಲ್ಲಿ ಮಾತಾಡುವುದೇ ಕಷ್ಟವಾಯಿತು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ನೀರಿಗೆ ಹೋಗುವವಳು ಒಂದ್ಗಳಿಗೆ ನೋಡ್ಕೊಳ್ರೀ ಎಂದರೆ, ಪಕ್ಕದವಳು "ನೋಡೋದೋ, ನೋಡ್ಕೊಳ್ಳೋದೋ ಮೊದ್ಲು ಹೇಳ್ರೀ" ಎಂದು ಬಾಗಿಲು ಅರ್ಧ ಮುಚ್ಚಿ ಕೇಳುತ್ತಿದ್ದಳು. ಸಂತೆಯಲ್ಲಿ ಇಬ್ಬರು ಜಗಳ ಆಡಿ ಒಬ್ಬ "ನಿನ್ನ ನೋಡ್ಕೋತೀನಿ ಕಣೋ!" ಎಂದ. ಇನ್ನೊಬ್ಬ "ನೋಡ್ಕೊಳ್ಳಪ್ಪ, ಈ ವಯಸ್ಸಿಗೆ ನನಗೂ ಒಬ್ರು ಬೇಕಾಗಿತ್ತು" ಎಂದ. ಹೆಣ್ಣು ಕೇಳಲು ಬಂದವರು ನಿಮ್ಮ ಹುಡುಗೀನ ಚೆನ್ನಾಗಿ ನೋಡ್ಕೋತೀವಿ ಎಂದದ್ದಕ್ಕೆ ಹೆಣ್ಣಿನ ತಂದೆ ಸಂಬಂಧವೇ ಬೇಡವೆಂದು ಎದ್ದು ಹೋದನಂತೆ. ನನಗೂ ಗೊಂದಲ. ಕೈ ನೋಡುವುದು ನನ್ನ ಕೆಲಸ ಎಂದು ಇಷ್ಟು ಕಾಲ ಹೇಳಿಕೊಂಡು ಬಂದೆನಲ್ಲ, ನಾನು ನೋಡುತ್ತಿದ್ದದ್ದು ಏನು?

ಇತ್ತ ಮಸ್ತಾನ್ ಸಾಬರ ಊತ ಇಳಿಯಿತು, ಆದರೆ ಕೈ ಮೇಲೆ ಹುಣ್ಣು ಒಣಗಿ ಹೆಕ್ಕಳೆ ಕಟ್ಟಿ ಬೆರಳುಗಳು ಬಿಗಿದುಕೊಂಡವು. ಡಾಕ್ಟರು ಕಿಟಕಿಯ ಪರದೆಗೆ "ಈಗಿಂದ ಬೆರಳು ಮಡಿಸಿ ಬಿಡಿಸಿ ಮಾಡಿದ್ದರೆ ಕೈ ಉಳೀತಿತ್ತು" ಎಂದು ಹೇಳಿ ಹೋದರು. ಮಡಿಸಿದರೆ ನೋವು, ಹೆಕ್ಕಳೆ ಒಡೆದು ರಕ್ತ. ಹೇಳಿದವರ ಕೈಗೆ ಬಣ್ಣ ಖಂಡಿತ. ಕೇಸು ನಡೆಯುವಾಗ ಯಾರ ಕೈಗೆ ಬಣ್ಣ ಬಂದರೂ ಅವರನ್ನೇ ಹಿಡಿದು ಎಳೆಯುತ್ತಾರೆ. ಆಸ್ಪತ್ರೆಯ ಪರ ವಕೀಲರು "ಸದ್ಯಕ್ಕೆ ಆ ಕೈ ಯಾರೂ ಮುಟ್ಟದಿದ್ದರೆ ಕ್ಷೇಮ ಅನ್ನಿಸುತ್ತೆ" ಎಂದಿದ್ದರು. ಅಂಬುಜಕ್ಕ ಆ ಮಾತು ಮೀರಿ ಒಂದು ಸಲ ಹತ್ತಿರ ಹೋದರಂತೆ. ಸಾಬರು ಕೈ ಹಿಂದಕ್ಕೆ ಎಳೆದುಕೊಂಡು, "ನೀವು ಬೇಡಿ ಅಮ್ಮಾ. ನಿಮ್ಮ ಕೈ ಅಷ್ಟು ಬೆಳ್ಳಗಿರೋದು ಕಂಡ್ರೇ ನನಗೆ ಭಯ. ಆ ಹುಡುಗಿ ಬೇಕಾದ್ರೆ ಬರ್ಲಿ, ಪಾಪ, ಅದು ಎರಡು ಸಲ ಬಂದು ನನ್ನ ಮುಖನಾದ್ರೂ ನೋಡ್ತು," ಎಂದರಂತೆ. ಹುಡುಗಿ ಮರದ ಕೆಳಗಿದ್ದಳು. ಅವಳನ್ನು ಕರೆ ಎನ್ನುವವರಿಲ್ಲ. ಬೆರಳುಗಳು ಬಿಗಿಯುತ್ತಲೇ ಇದ್ದವು.

ಭಾನುವಾರ ಮಧ್ಯಾಹ್ನ ನಾನು ಕೋರ್ಟಿನ ಜಗಲಿಯಲ್ಲಿ ಬೋಗುಣಿ ಬೆಳಗುತ್ತಿದ್ದಾಗ ಅಂಬುಜಕ್ಕ ಬಂದು ಪಕ್ಕದಲ್ಲಿ ಕೂತರು. ಕೈ ಚಾಚಿ, "ತಾತ, ಇನ್ನೊಂದ್ಸಲ ಸರಿಯಾಗಿ ನೋಡಿ," ಎಂದರು. ನೋಡಿದೆ. "ಇಲ್ಲಮ್ಮ." "ಒಂದು ಎಳೆಯಷ್ಟಾದ್ರೂ?" "ಇದ್ದಿದ್ರೆ ಹೇಳ್ತಿರ್ಲಿಲ್ವೇನಮ್ಮ? ಬಣ್ಣ ಇಲ್ಲ ಅಂದ್ರೆ ಜನ ಖುಷಿ ಪಡ್ತಾರೆ, ನೀವೊಬ್ರು." ಅವರು ನಗಲಿಲ್ಲ. ಚಾಚಿದ ಕೈ ಹಾಗೇ ಇಟ್ಟುಕೊಂಡು ಹೇಳಿದರು: "ಅವತ್ತು ಬಾಗಿಲಲ್ಲಿ ತಿರುಗಿ ಹೇಳ್ದೆನಲ್ಲ ತಾತ, ಆಗ ನನ್ನ ಮನಸ್ಸಲ್ಲಿ ಏನಿತ್ತು ಅಂತ ಹುಡುಕ್ತಾ ಇದೀನಿ. ಆ ಹುಡುಗಿ ಸೂಜಿ ಮುಟ್ಟಿ ನೋಡ್ಲಿ ಅಂತಿತ್ತಾ? ಇಲ್ಲಾ ನಾನು ಹೇಳಿ ಹೋದೆ ಅಂತ ಆಗ್ಲಿ, ಅಷ್ಟೇ ಸಾಕು ಅಂತಿತ್ತಾ? ನನಗೇ ಗೊತ್ತಾಗ್ತಿಲ್ಲ. ಅಪ್ಪಣೆ ಅಂತಾಗಿದ್ರೆ ಬಣ್ಣ ಬರ್ಬೇಕಿತ್ತು. ಬರ್ಲಿಲ್ಲ. ಹಾಗಾದ್ರೆ ನಾನು ಅವಳಿಗೆ ಏನೂ ಹೇಳೇ ಇಲ್ವಾ? ಹೇಳ್ದೇನೇ ರೋಗೀನ ಬಿಟ್ಟು ಹೋದ್ನಾ?"

"ಸುಮ್ನಿದ್ರೆ ನಿಮ್ಮ ತಲೆಗೇನೂ ಬರಲ್ಲಮ್ಮ," ಎಂದೆ. ಸಮಾಧಾನಕ್ಕೆ ಹೇಳಿದ್ದು. ಅವರಿಗೆ ಅದು ಚುಚ್ಚಿರಬೇಕು. ಎದ್ದು, ಸೆರಗು ಕೊಡವಿಕೊಂಡು ಹೋದರು.

ಸೋಮವಾರ ಮತ್ತೆ ಕೋರ್ಟು ತುಂಬಿತು. ಸಾಬರನ್ನೂ ಕರೆತಂದಿದ್ದರು, ಮುನಸೀಫರು ಕೈಯ ಸ್ಥಿತಿ ಕಣ್ಣಾರೆ ನೋಡಬೇಕೆಂದು. ಬೆರಳುಗಳು ಹಕ್ಕಿಯ ಉಗುರಿನಂತೆ ಅರ್ಧ ಬಾಗಿ ನಿಂತಿದ್ದವು. ಹೊಂಬಾಳೆ ಕಟಕಟೆಯಲ್ಲಿದ್ದಳು. ಬಿಲ್ಲೆಯನ್ನು ಸಭೆಯ ಮುಂದೆ ಕಿತ್ತು ತೆಗೆಯುವುದು ನನ್ನದೇ ಕೆಲಸವಾದ್ದರಿಂದ ನಾನು ಅವಳ ಹತ್ತಿರವೇ ನಿಂತಿದ್ದೆ. ಅವಳು ಪಿಸುಗುಟ್ಟಿದಳು: "ಬಿಲ್ಲೆ ತೆಗೆದ್ಮೇಲೆ ನಾನು ಏನು ತಾತ? ನನಗೆ ಬೇರೆ ಏನೂ ಬರಲ್ಲ." ಮುನಸೀಫರು ಒಂದು ಸಲ ಕೆಮ್ಮಿ, "ಯಾರ ಅಂಗೈಯಲ್ಲೂ ಬಣ್ಣ ಕಾಣದೇ ಇರುವುದರಿಂದ," ಎಂದು ಶುರು ಮಾಡಿದರು. ಅವರ ಮುಖ ನೋಡಿದರೆ, ಆ ವಾಕ್ಯ ಮುಗಿಸುವುದು ಅವರಿಗೂ ಇಷ್ಟವಿದ್ದಂತೆ ಕಾಣಲಿಲ್ಲ.

ಆಗ ಅಂಬುಜಕ್ಕ ಬೆಂಚಿನಿಂದ ಎದ್ದರು. "ಒಂದ್ನಿಮಿಷ ಸ್ವಾಮಿ," ಎಂದು ಡಾಕ್ಟರ ಕಡೆ ತಿರುಗಿದರು. "ಡಾಕ್ಟ್ರೇ, ಈ ಬೆರಳು ಮಡಿಸ್ಬೇಕೋ ಬೇಡ್ವೋ? ಪರದೆಗೆ ಬೇಡಿ, ನನಗೆ ಹೇಳಿ." ಡಾಕ್ಟರು ಆಚೀಚೆ ನೋಡಿ ಕೊನೆಗೆ, "ಮಡಿಸ್ಬೇಕು," ಎಂದರು. ಮೆಲ್ಲಗೆ ಎಂದರೂ ಎಲ್ಲರಿಗೂ ಕೇಳಿಸಿತು. ಅಂಬುಜಕ್ಕ ಕಟಕಟೆಯ ಕಡೆ ತಿರುಗಿದರು.

"ಹೊಂಬಾಳೆ, ಕೆಳಗೆ ಇಳಿದು ಬಾ."

ಅಷ್ಟು ಬರಿ ಮಾತನ್ನು, ಸುತ್ತು ಬಳಸು ಏನೂ ಇಲ್ಲದ ಮಾತನ್ನು ಅಲ್ಲಿದ್ದ ಎಳೆಯರು ಹುಟ್ಟಿದ ಮೇಲೆ ಕೇಳಿರಲಾರರು. ಹೊಂಬಾಳೆ ನನ್ನ ಮುಖ ನೋಡಿದಳು. ನಾನು ದಾರಿ ಬಿಟ್ಟೆ. ಅವಳು ಇಳಿದಳು.

"ತಾತನ ಬೋಗುಣಿ ತಗೋ. ಕೈ ತೊಳ್ಕೋ. ಸಾಬರ ಎದುರು ಕೂತ್ಕೋ. ಎಡಗೈಯಿಂದ ಅವರ ಮಣಿಕಟ್ಟು ಹಿಡಿ, ಬಿಗಿಯಾಗಿ ಬೇಡ, ಅಲುಗಾಡದಷ್ಟು. ಈಗ ತೋರುಬೆರಳು ಹಿಡಿ. ಬುಡದಿಂದ ಹಿಡಿ, ತುದಿಯಿಂದಲ್ಲ. ಮೆತ್ತಗೆ ಮಡಿಸು. ಹೆಕ್ಕಳೆ ಒಡೆಯುತ್ತೆ, ರಕ್ತ ಬರುತ್ತೆ, ಹೆದರಬೇಡ. ಅವರು ಕೂಗ್ತಾರೆ. ಕೂಗಿದ್ರೂ ಬಿಡಬೇಡ. ಚರ್ಮ ಬೆಳ್ಳಗಾದ್ರೆ ನಿಲ್ಸು, ನಿಲ್ಸಿ ನನ್ನ ಕರಿ. ನಾನು ಇಲ್ಲೇ ನಿಂತಿರ್ತೀನಿ."

ಆಸ್ಪತ್ರೆಯ ವಕೀಲರು, ಕೆಲಸದಿಂದ ಹೊರಗಿಟ್ಟವಳು ರೋಗಿಯನ್ನು ಮುಟ್ಟುವುದು ಕಾನೂನಿಗೆ ವಿರುದ್ಧ ಎಂದು ಏನೋ ಹೇಳಲು ಎದ್ದರು. ಜುಲೇಖಾಬಿ ಅವರ ಕೋಟಿನ ತುದಿ ಹಿಡಿದು ಎಳೆದು ಕೂರಿಸಿದರು. ಮುನಸೀಫರು ತಡೆಯಲಿಲ್ಲ. ಮಸ್ತಾನ್ ಸಾಬರು ಹಲ್ಲು ಕಚ್ಚಿ, "ಮಡಿಸಮ್ಮ, ಇನ್ನೇನು ಹೋಗೋದಿದೆ ಇದರಲ್ಲಿ," ಎಂದರು. ಹೊಂಬಾಳೆ ಮಡಿಸಿದಳು. ಹೆಕ್ಕಳೆ ಒಡೆಯಿತು. ಸಾಬರು ಹಾಕಿದ ಕೂಗಿಗೆ ಕಿಟಕಿಯ ಮೇಲಿದ್ದವರಲ್ಲಿ ಒಬ್ಬ ಹೊರಗೆ ಬಿದ್ದ. ಆದರೆ ಬೆರಳು ಮಡಚಿತು, ಮಡಚಿ ಬಿಚ್ಚಿಕೊಂಡಿತು.

ನಾನು ಅಂಬುಜಕ್ಕನ ಕೈ ನೋಡುತ್ತಿದ್ದೆ. ಮೊದಲು ಅಂಗೈಯ ನಡುವೆ ಒಂದು ಚುಕ್ಕೆ. ಅದು ರೇಖೆಗಳ ಒಳಗೆಲ್ಲ ಹರಿದು, ಹರಡಿ, ಹೆಬ್ಬೆರಳಿನ ಬುಡದವರೆಗೂ ಏರಿತು. ನೀಲಿಯಲ್ಲ. ಕಳಿತ ನೇರಳೆಯ ಕಪ್ಪು. ಒಂದು ಬೆರಳಿನ ರಕ್ತಕ್ಕೆ ಅಷ್ಟು ಬಣ್ಣ ಏರಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಸಂಜೀವಪ್ಪ," ಎಂದರು ಮುನಸೀಫರು. ಅದು ನಾನೇ ಎಂದು ಹೊಳೆಯಲು ಸ್ವಲ್ಪ ಹೊತ್ತಾಯಿತು. "ಬಣ್ಣ ಇದೆಯೇ?"

"ಇದೆ ಸ್ವಾಮಿ. ಅಂಬುಜಕ್ಕನ ಬಲ ಅಂಗೈ. ಪೂರ್ತಿ."

"ಯಾವ ನೋವಿನದು? ಈಗಿನ ಬೆರಳಿನದೋ, ಅವತ್ತಿನ ಸೂಜಿಯದೋ?"

ನಾನು ಆ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಮೇಲೆ ಹೊಸದು, ಕೆಳಗೆ ಹಳೆಯದು ಎಂದು ಪದರ ಕಾಣುತ್ತದೆಯೇ ಎಂದು ಹುಡುಕಿದೆ. ಅವತ್ತಿನ ಮಾತಿಗೆ ಇವತ್ತು ಬಣ್ಣ ಬರಬಹುದೇ, ಬರುವುದಾದರೆ ಇಷ್ಟು ದಿನ ಎಲ್ಲಿ ಕಾಯುತ್ತಿತ್ತು, ಒಂದೂ ತಿಳಿಯಲಿಲ್ಲ. ಈಗಲೂ ತಿಳಿಯದು. "ಗೊತ್ತಾಗುತ್ತಿಲ್ಲ ಸ್ವಾಮಿ," ಎಂದೆ. ಕೈ ನೋಡುವ ಕೆಲಸದಲ್ಲಿ ಆ ಮಾತು ಆಡಿದ್ದು ಅದೊಂದೇ ಸಲ.

ಮುನಸೀಫರು ಅಂಬುಜಕ್ಕನ ಕಡೆ ತಿರುಗಿದರು. "ನಿಮಗೆ ಏನನ್ನಿಸುತ್ತದೆ? ಈಗಿನದು ಮಾತ್ರ ಆದರೆ ಬೇರೆ ವಿಷಯ. ಅವತ್ತಿನದೂ ಸೇರಿದೆ ಅಂತಾದರೆ ಹುಡುಗಿಯ ಬಿಲ್ಲೆ ಉಳಿಯುತ್ತದೆ, ನಿಮ್ಮ ಮೇಲ್ವಿಚಾರಣೆಯ ಹುದ್ದೆ ಹೋಗುತ್ತದೆ. ಯೋಚನೆ ಮಾಡಿ ಹೇಳಿ."

ಅಂಬುಜಕ್ಕ ತಮ್ಮ ಅಂಗೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದರು. ಮುಖದ ಮೇಲೆ ದುಃಖವಿತ್ತೋ ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

"ನನಗೂ ಗೊತ್ತಾಗ್ತಿಲ್ಲ ಸ್ವಾಮಿ," ಎಂದರು. "ಎರಡೂ ನಂದೇ ಅಂತ ಬರ್ಕೊಳ್ಳಿ."

ಮುನಸೀಫರು ಪೆನ್ನು ಎತ್ತಿಕೊಂಡರು. ಹೊಂಬಾಳೆ ಸಾಬರ ಕೈ ಹಿಡಿದುಕೊಂಡೇ ತಲೆ ಎತ್ತಿ ಅಕ್ಕನನ್ನು ನೋಡುತ್ತಾ ಕೂತುಬಿಟ್ಟಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅಂಬುಜಕ್ಕ ಆ ಕಪ್ಪು ಅಂಗೈಯನ್ನು ಸೊಂಟದ ಮೇಲಿಟ್ಟುಕೊಂಡು, ಕೋರ್ಟಿನ ಕಿಟಕಿಗಳೆಲ್ಲ ಅದುರುವಂತೆ ಗದರಿದರು:

"ನನ್ನ ಮುಖ ಏನು ನೋಡ್ತೀಯೇ? ಇನ್ನೂ ಬೆರಳು ಉಳಿದಿವೆ. ಮಡಿಸು!"